ಬುದ್ಧಿ ಹೇಳುವುದನ್ನು ಬಿಟ್ಟ ಮನುಷ್ಯ: ಕಾರ್ಲ್ ರೋಜರ್ಸ್ ಬಗ್ಗೆ ಹಾಸನದಲ್ಲಿ ಆಡಿದ ಮಾತು

(ಹಾಸನದಲ್ಲಿ ಶಿಕ್ಷಕರು, ಪೋಷಕರು, ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರ್ಲ್ ರೋಜರ್ಸ್ ಅನ್ನುವ ಹೆಸರು ಬಿ.ಎಡ್. ಮಾಡಿದ ಮೇಷ್ಟ್ರುಗಳಿಗೆ, ಸೈಕಾಲಜಿ ಓದುವ ಮಕ್ಕಳಿಗೆ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿ ಬಂದು ಹೋಗುವ ಹೆಸರು. ಉಳಿದವರಿಗೆ ಹೊಸದು, ಪರವಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ, ಮಾತಿನ ಮೂಲಕ ಮನಸ್ಸಿನ ಚಿಕಿತ್ಸೆ ಮಾಡುತ್ತಿದ್ದವರು. ಅವರು ಬರೆದದ್ದೆಲ್ಲ ಹೇಳಲು ಹೋದರೆ ನೀವು ಎದ್ದು ಕಾಫಿಗೆ ಹೋಗುತ್ತೀರಿ. ಒಂದೇ ಪ್ರಶ್ನೆ ಹಿಡಿದುಕೊಳ್ಳುತ್ತೇನೆ. ನಮ್ಮ ಕಡೆ ಪ್ರೀತಿಗೆ ಬರ ಇಲ್ಲ. ಅಪ್ಪ ಅಮ್ಮ ಮಕ್ಕಳಿಗೋಸ್ಕರ ಜೀವ ತೇಯುತ್ತಾರೆ. ಆದರೆ ಆ ಪ್ರೀತಿ ತಲುಪಬೇಕಾದವರಿಗೆ ತಲುಪುತ್ತಿದೆಯಾ? ರೋಜರ್ಸ್ ಅವರನ್ನು ನಾನು ಓದುವುದು ಈ ಪ್ರಶ್ನೆ ಇಟ್ಟುಕೊಂಡೇ.

ರೋಜರ್ಸ್ ಹುಟ್ಟಿದ್ದು 1902ರಲ್ಲಿ, ಅಮೆರಿಕದ ಶಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ. ಮನೆಯಲ್ಲಿ ಭಾರಿ ಮಡಿವಂತಿಕೆ. ಕುಣಿಯೋ ಹಾಗಿಲ್ಲ, ಇಸ್ಪೀಟು ಆಡೋ ಹಾಗಿಲ್ಲ, ನಾಟಕ ನೋಡೋ ಹಾಗಿಲ್ಲ. ಸೋಡಾ ಕುಡಿದರೂ ಚೂರು ಪಾಪ ಮಾಡಿದ ಹಾಗೆ ಅನಿಸುತ್ತಿತ್ತು ಅಂತ ಅವರೇ ಆಮೇಲೆ ಬರೆದುಕೊಂಡಿದ್ದಾರೆ. ಹುಡುಗನಿಗೆ ಹನ್ನೆರಡು ವರ್ಷ ಆದಾಗ ಮನೆಯವರು ಜಮೀನು ಕೊಂಡು ಹಳ್ಳಿಗೆ ಹೋದರು. ಪೇಟೆಯ ಗಾಳಿ ಮಕ್ಕಳಿಗೆ ತಾಗಬಾರದು ಅನ್ನೋದೂ ಒಂದು ಕಾರಣ. ಆ ಜಮೀನಿನಲ್ಲಿ ಹುಡುಗನಿಗೆ ವೈಜ್ಞಾನಿಕ ಕೃಷಿಯ ಹುಚ್ಚು ಹಿಡಿಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದೇ ಕೃಷಿ ಓದಲು. ಆಮೇಲೆ ಇತಿಹಾಸಕ್ಕೆ ಹಾರಿದರು. ಪಾದ್ರಿ ಆಗೋಣ ಅಂತ ನ್ಯೂಯಾರ್ಕಿನ ಧಾರ್ಮಿಕ ಕಾಲೇಜಿಗೆ ಸೇರಿ, ಎರಡು ವರ್ಷಕ್ಕೆ ಅದನ್ನೂ ಬಿಟ್ಟರು. ಕೊನೆಗೆ ರಸ್ತೆಯಾಚೆಯ ಕೊಲಂಬಿಯಾದಲ್ಲಿ ಮನಶ್ಶಾಸ್ತ್ರ ಓದಿ 1931ರಲ್ಲಿ ಪಿಎಚ್.ಡಿ. ಮುಗಿಸಿದರು. ಮೂರು ಸಲ ಲೈನ್ ಬದಲಿಸಿದ ಹುಡುಗ. ನಮ್ಮ ಊರಲ್ಲಿ ಇದ್ದಿದ್ದರೆ ‘ನೆಟ್ಟಗೆ ಒಂದೂ ಓದ್ಲಿಲ್ಲ’ ಅಂತಿದ್ದರು.

ಅವರ ಮುಖ್ಯ ವಿಚಾರ ಹುಟ್ಟಿದ್ದು ಕಾಲೇಜಿನಲ್ಲೇ ಅಂತ ಹೇಳೋಕಾಗಲ್ಲ. ಅದರಲ್ಲಿ ಹೊಲಮನೆಯ ಪಾಲೂ ಇದೆ. ಅಲ್ಲಿ ಒಂದು ಆಲೂಗಡ್ಡೆ ಕಥೆ ಇದೆ. ಅದನ್ನು ಹಾಸನದಲ್ಲಿ ಹೇಳೋಕೆ ನನಗೊಂದು ಖುಷಿ.

ಅವರ ಮನೆಯಲ್ಲಿ ಚಳಿಗಾಲಕ್ಕೆ ಅಂತ ಆಲೂಗಡ್ಡೆ ನೆಲಮಾಳಿಗೆಯಲ್ಲಿ ತುಂಬಿಡುತ್ತಿದ್ದರು. ಕತ್ತಲು. ಮೇಲೆ ಎಲ್ಲೋ ಒಂದು ಸಣ್ಣ ಕಿಟಕಿ. ಆ ಕತ್ತಲಲ್ಲೂ ಗಡ್ಡೆಗಳು ಮೊಳೆಯುತ್ತಿದ್ದವು. ಬಿಳಿಚಿಕೊಂಡ, ಸೊರಗಿದ ಮೊಳಕೆ. ಎರಡು ಮೂರು ಅಡಿ ಉದ್ದ ಬೆಳೆದು ಆ ಕಿಟಕಿಯ ಬೆಳಕಿನ ಕಡೆಗೇ ಚಾಚಿಕೊಳ್ಳುತ್ತಿದ್ದವು. ಆ ಮೊಳಕೆ ಎಂದೂ ಗಿಡ ಆಗಲ್ಲ. ಆದರೂ ಚಾಚುವುದನ್ನು ಬಿಡಲ್ಲ. ಎಷ್ಟೋ ವರ್ಷದ ಮೇಲೆ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಹಿಂದಿನ ವಾರ್ಡುಗಳಲ್ಲಿ ಬಿದ್ದಿರುವ ಜನರನ್ನು ಕಂಡಾಗ ತನಗೆ ಆ ಗಡ್ಡೆಗಳು ನೆನಪಾಗುತ್ತವೆ ಅಂತ ರೋಜರ್ಸ್ ಬರೆದರು. ಅವರ ಬದುಕು ತಿರುಚಿಕೊಂಡಿದೆ, ವರ್ತನೆ ವಿಚಿತ್ರವಾಗಿದೆ. ಆದರೂ ಇರುವ ದಾರಿಯಲ್ಲೇ ಅವರು ಬೆಳೆಯಲು ಒದ್ದಾಡುತ್ತಿದ್ದಾರೆ.

ಇಲ್ಲಿ ಆಲೂಗಡ್ಡೆ ಬೆಳೆಯುವವರು ಕೂತಿದ್ದೀರಿ. ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆ ತಂದು ಏನು ಮಾಡುತ್ತೀರಿ? ಕತ್ತಲೆ ಮೂಲೆಯಲ್ಲಿ ಮೂಟೆ ಸಮೇತ ಬಿಟ್ಟರೆ ಉದ್ದುದ್ದ ಬಿಳಿ ಮೊಳಕೆ ಬರುತ್ತದೆ, ಮುಟ್ಟಿದರೆ ಮುರಿಯುತ್ತದೆ. ನೆರಳಿದ್ದೂ ಬೆಳಕು ಗಾಳಿ ಆಡುವ ಕಡೆ ಹರಡಿದರೆ ಗಿಡ್ಡಕ್ಕೆ, ಗಟ್ಟಿಯಾಗಿ, ಹಸಿರಾಗಿ ಬರುತ್ತದೆ. ಗಡ್ಡೆ ಅದೇ. ಅದಕ್ಕೆ ಯಾರೂ ‘ಸರಿಯಾಗಿ ಮೊಳಕೆ ಒಡಿ’ ಅಂತ ಬುದ್ಧಿ ಹೇಳಲ್ಲ, ಅಲ್ವಾ? ಇಟ್ಟ ಜಾಗ ಬದಲಿಸುತ್ತೀರಿ. ರೋಜರ್ಸ್ ಹೇಳಿದ್ದು ಹೆಚ್ಚುಕಡಿಮೆ ಇಷ್ಟೇ. ಬೆಳೆಯುವ ಒತ್ತಡ ಪ್ರತಿ ಜೀವದ ಒಳಗೇ ಇದೆ. ಚಿಕಿತ್ಸಕನ ಕೆಲಸ ಜಾಗ ಸರಿಮಾಡುವುದು.

ಅವರ ಕಾಲಕ್ಕೆ ಇದು ದೊಡ್ಡ ಮಾತು. ಆಗ ಮನಶ್ಶಾಸ್ತ್ರದಲ್ಲಿ ಎರಡು ದೊಡ್ಡ ಮನೆಗಳಿದ್ದವು. ಫ್ರಾಯ್ಡ್ ಕಡೆಯವರ ಪ್ರಕಾರ ಮನುಷ್ಯನನ್ನು ಒಳಗಿನಿಂದ ನಡೆಸುವುದು ಅವನಿಗೇ ಗೊತ್ತಿಲ್ಲದ ಆಸೆ, ಭಯ, ಬಾಲ್ಯದ ಗಂಟುಗಳು. ವರ್ತನಾವಾದಿಗಳ ಪ್ರಕಾರ ಹೊರಗಿನ ಬಹುಮಾನ, ಶಿಕ್ಷೆಗಳೇ ಅವನನ್ನು ರೂಪಿಸುತ್ತವೆ. ಈ ಎರಡರಲ್ಲೂ ಮನುಷ್ಯ ತಾನೇ ಆರಿಸಿಕೊಳ್ಳುವುದಕ್ಕೆ ಜಾಗ ಕಡಿಮೆ. ಅಬ್ರಹಾಂ ಮಾಸ್ಲೋ, ರೋಜರ್ಸ್, ರೋಲೋ ಮೇ ಮೊದಲಾದವರು ಕಟ್ಟಿದ ಮೂರನೆಯ ದಾರಿಗೆ ಮಾನವತಾವಾದಿ ಮನಶ್ಶಾಸ್ತ್ರ ಅಂತ ಹೆಸರಾಯಿತು. ಮಾಸ್ಲೋ ಬಗ್ಗೆ ಜಾಸ್ತಿ ಹೇಳಲ್ಲ. ಅನ್ನ ನೀರಿನಿಂದ ಹಿಡಿದು ಮೇಲೆ ಮೇಲೆ ಹೋಗುವ ಆ ತ್ರಿಕೋನ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಒಂದು ಸ್ವಾರಸ್ಯ ಏನೆಂದರೆ, ಮಾಸ್ಲೋ 1943ರಲ್ಲಿ ಆ ವಿಚಾರ ಬರೆದ ಲೇಖನದಲ್ಲಿ ತ್ರಿಕೋನವೇ ಇಲ್ಲ. ಆಮೇಲೆ ಬೇರೆಯವರು ಬರೆದು ಸೇರಿಸಿದ್ದು. ಪರೀಕ್ಷೆಯಲ್ಲಿ ಮಾತ್ರ ತ್ರಿಕೋನ ಬರೀರಿ, ಇಲ್ಲದಿದ್ದರೆ ಅಂಕ ಕಟ್ ಆಗುತ್ತೆ.

ಈಗ ನಮ್ಮ ವಿಷಯಕ್ಕೆ ಬರೋಣ. ವ್ಯಕ್ತಿತ್ವ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ರೋಜರ್ಸ್ ಹೇಳಿದ್ದು ಕೇಳಿ.

ಕೂಸಿಗೆ ತನಗೆ ಏನು ಬೇಕು, ಏನು ಬೇಡ ಅನ್ನೋದು ಮೈಯಲ್ಲೇ ಗೊತ್ತು. ಹೊಟ್ಟೆ ತುಂಬಿದರೆ ಮುಖ ತಿರುಗಿಸುತ್ತದೆ. ಹೆದರಿದರೆ ಅಳುತ್ತದೆ. ಆದರೆ ಅದಕ್ಕೆ ಇನ್ನೊಂದೂ ಬೇಕು: ದೊಡ್ಡವರ ಒಪ್ಪಿಗೆ, ಮೆಚ್ಚುಗೆ, ಪ್ರೀತಿ. ಅದು ಇಲ್ಲದೆ ಮಗು ಬದುಕಲಾರದು. ಸಮಸ್ಯೆ ಶುರುವಾಗುವುದು ಆ ಪ್ರೀತಿಗೆ ಷರತ್ತು ಅಂಟಿಕೊಂಡಾಗ. ‘ಗಂಡ್ಸು ಅಳ್ತಾನೇನೋ?’ ‘ಹೆಣ್ಣುಮಗು ಅಷ್ಟು ಜೋರಾಗಿ ನಗಬಾರದು.’ ‘ಜಾಣಮರಿ ಅಲ್ವಾ ನೀನು, ತಮ್ಮನಿಗೆ ಕೊಟ್ಬಿಡು.’ ಯಾರೂ ಕೆಟ್ಟ ಮನಸ್ಸಿನಿಂದ ಹೇಳುವ ಮಾತಲ್ಲ ಇವು. ಮಗು ಮಾತ್ರ ಲೆಕ್ಕ ಹಾಕಿಕೊಳ್ಳುತ್ತದೆ: ಅತ್ತರೆ ನಾನು ಬೇಡದವನು, ಸಿಟ್ಟು ಮಾಡಿಕೊಂಡರೆ ಬೇಡದವಳು. ಆಮೇಲೆ ಅಳು ಬಂದರೂ ಬಂದಿಲ್ಲ ಅಂತ ತನಗೆ ತಾನೇ ಹೇಳಿಕೊಳ್ಳಲು ಕಲಿಯುತ್ತದೆ. ಬೆಳೆದ ಮೇಲೆ ಹಲ್ಲು ಕಚ್ಚಿಕೊಂಡು ‘ನನಗೆ ಸಿಟ್ಟೇ ಬರಲ್ಲ’ ಅನ್ನುವವರನ್ನು ನೀವು ನೋಡಿಲ್ಲವೇ? ಸುಳ್ಳು ಹೇಳುತ್ತಿಲ್ಲ ಅವರು. ಅವರಿಗೆ ನಿಜವಾಗಿಯೂ ಕಾಣುತ್ತಿಲ್ಲ.

ಹೀಗೆ ಒಬ್ಬನೊಳಗೆ ಎರಡು ಚಿತ್ರ ಬೆಳೆಯುತ್ತವೆ. ಒಂದು, ನಾನು ಇಂಥವನು ಅನ್ನುವ ಚಿತ್ರ. ಇನ್ನೊಂದು, ನಾನು ಇಂಥವನಾಗಿರಬೇಕು ಅನ್ನುವ ಚಿತ್ರ. ಇವೆರಡರ ಕೆಳಗೆ ನಿಜವಾಗಿ ಆಗುತ್ತಿರುವ ಅನುಭವ ಇರುತ್ತದೆ. ಇವುಗಳ ನಡುವೆ ಬಿರುಕು ದೊಡ್ಡದಾದಷ್ಟೂ ಆತಂಕ ಜಾಸ್ತಿ. ಚಿತ್ರಕ್ಕೆ ಹೊಂದದ ಅನುಭವ ಬಂದರೆ ಮನಸ್ಸು ಅದನ್ನು ಇಲ್ಲ ಅನ್ನುತ್ತದೆ, ಇಲ್ಲವೇ ತಿರುಚುತ್ತದೆ. ‘ನಾನು ದಡ್ಡಿ’ ಅಂತ ನಂಬಿದ ಹುಡುಗಿಗೆ ತೊಂಬತ್ತೈದು ಬಂದರೂ ‘ಪೇಪರ್ ಈಸಿ ಇತ್ತು’ ಅನ್ನುತ್ತಾಳೆ. ಒಳ್ಳೆಯ ಸುದ್ದಿಯನ್ನೂ ಮನಸ್ಸು ತಿರುಚುತ್ತದೆ ಅನ್ನೋದನ್ನು ಗಮನಿಸಿ.

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಷರತ್ತು ಅಂಕ. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಶೇಕಡಾ 89ಕ್ಕಿಂತ ಜಾಸ್ತಿ ಮಕ್ಕಳು ಪಾಸಾದರು. ಮೇಷ್ಟ್ರುಗಳು ದುಡಿದಿದ್ದರು, ಹೆಮ್ಮೆ ಪಡುವ ವಿಷಯವೇ. ಆದರೆ ಆ ದಿನ ಉಳಿದ ಶೇಕಡಾ ಹತ್ತು ಚಿಲ್ಲರೆ ಮಕ್ಕಳ ಮನೆಯಲ್ಲಿ ಏನು ನಡೆದಿರಬಹುದು? ಇಡೀ ಜಿಲ್ಲೆ ಫಸ್ಟ್ ಬಂದ ದಿನ ಫೇಲಾಗುವುದು ಎರಡು ಪಟ್ಟು ಫೇಲಾದ ಹಾಗೆ. ಮಗುವಿಗೆ ಬೇಜಾರಾಗುವುದು ಸಹಜ, ಅದು ಇರಲಿ. ‘ನನ್ನ ಗಣಿತ ಹೋಯಿತು’ ಅನ್ನುವ ಮಗು ನಾಳೆ ಮತ್ತೆ ಪುಸ್ತಕ ತೆಗೆಯುತ್ತದೆ. ‘ನಾನೇ ಹೋದೆ’ ಅಂದುಕೊಂಡ ಮಗು ಏನು ಮಾಡುತ್ತದೋ ಹೇಳಲಾಗದು. ಈ ಎರಡು ಮಾತಿನ ನಡುವೆ ಇರುವುದೇ ಷರತ್ತು.

ಇನ್ನು ಚಿಕಿತ್ಸೆ. ರೋಜರ್ಸ್ ಹನ್ನೆರಡು ವರ್ಷ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಅನ್ನುವ ಊರಲ್ಲಿ, ಕಷ್ಟದಲ್ಲಿರುವ ಮಕ್ಕಳಿಗಾಗಿ ಇದ್ದ ಒಂದು ಸಂಸ್ಥೆಯಲ್ಲಿ ಕೆಲಸ ಮಾಡಿದರು. ಅಲ್ಲಿಗೆ ಒಬ್ಬ ತಾಯಿ ಬರುತ್ತಿದ್ದರು. ಮಗ ಭಾರಿ ತುಂಟ, ಹಿಡಿತಕ್ಕೆ ಸಿಗುತ್ತಿರಲಿಲ್ಲ. ರೋಜರ್ಸ್‌ಗೆ ಕಾರಣ ಸ್ಪಷ್ಟವಾಗಿತ್ತು: ಮಗ ಚಿಕ್ಕವನಿದ್ದಾಗ ತಾಯಿ ಅವನನ್ನು ದೂರ ಇಟ್ಟಿದ್ದಾರೆ. ಅದನ್ನು ಆಕೆಗೆ ಮನಗಾಣಿಸಲು ಎಷ್ಟೋ ವಾರ ಮೆತ್ತಗೆ, ಜಾಣತನದಿಂದ ಪ್ರಯತ್ನಪಟ್ಟರು. ಏನೂ ಆಗಲಿಲ್ಲ. ಕೊನೆಗೆ ‘ಇಬ್ಬರೂ ಪ್ರಯತ್ನಪಟ್ಟೆವು, ಆಗಲಿಲ್ಲ, ಇಲ್ಲಿಗೆ ನಿಲ್ಲಿಸೋಣ’ ಅಂದರು. ಆಕೆ ಒಪ್ಪಿದರು. ಕೈಕುಲುಕಿ ಬಾಗಿಲವರೆಗೆ ಹೋದವರು ತಿರುಗಿ ಕೇಳಿದರು: ಇಲ್ಲಿ ದೊಡ್ಡವರಿಗೂ ಕೌನ್ಸೆಲಿಂಗ್ ಮಾಡ್ತೀರಾ? ಮಾಡ್ತೀವಿ ಅಂದಾಗ ವಾಪಸ್ ಬಂದು ಕುರ್ಚಿಯಲ್ಲಿ ಕೂತು, ಗಂಡನ ಜೊತೆಗಿನ ಸಂಕಟ, ತನ್ನ ಸೋಲು, ಗೊಂದಲ ಎಲ್ಲ ಸುರಿದರು. ಅಲ್ಲಿಯವರೆಗೆ ಹೇಳಿದ್ದ ನೀಟಾದ ‘ಕೇಸ್ ಹಿಸ್ಟರಿ’ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ನಿಜವಾದ ಚಿಕಿತ್ಸೆ ಆಗ ಶುರುವಾಯಿತು, ಮಗನಿಗೂ ಅದರಿಂದ ಒಳ್ಳೆಯದಾಯಿತು ಅಂತ ರೋಜರ್ಸ್ ಬರೆದಿದ್ದಾರೆ. ಎಲ್ಲಿ ನೋಯುತ್ತಿದೆ, ಯಾವ ಕಡೆ ಹೋಗಬೇಕು ಅನ್ನುವುದು ಬಂದವರಿಗೇ ಗೊತ್ತು. ತಾನು ಜಾಣ ಅಂತ ತೋರಿಸಿಕೊಳ್ಳುವ ಚಪಲ ಇಲ್ಲದಿದ್ದರೆ ಅವರ ಹಿಂದೆ ಹೋಗುವುದೇ ಸರಿ ಅನ್ನುವುದು ಅವರು ಅಲ್ಲಿ ಕಲಿತ ಪಾಠ.

1940ರ ಡಿಸೆಂಬರ್ 11ರಂದು ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಅವರು ಒಂದು ಉಪನ್ಯಾಸ ಕೊಟ್ಟರು. ಸಲಹೆ ಕೊಡುವುದು, ಮನವೊಲಿಸುವುದು, ವಿವರಿಸಿ ಹೇಳುವುದು, ಈ ಹಳೆಯ ಪದ್ಧತಿಗಳನ್ನೆಲ್ಲ ಟೀಕಿಸಿದರು. ದೊಡ್ಡ ಗದ್ದಲವಾಯಿತು. ತಮ್ಮ ಪದ್ಧತಿ ಹುಟ್ಟಿದ ದಿನ ಅದೇ ಅಂತ ಆಮೇಲೆ ಅವರು ಹೇಳುತ್ತಿದ್ದರು. ಮೊದಲು ಅದಕ್ಕೆ ನಿರ್ದೇಶನ ಇಲ್ಲದ ಚಿಕಿತ್ಸೆ ಅಂತ ಹೆಸರು. 1951ರ ಪುಸ್ತಕದಲ್ಲಿ ಕ್ಲಯಂಟ್ ಕೇಂದ್ರಿತ ಅಂತಾಯಿತು. ಮುಂದೆ ವ್ಯಕ್ತಿ ಕೇಂದ್ರಿತ. ‘ರೋಗಿ’ ಅನ್ನುವ ಪದವನ್ನು ಅವರು ಬೇಕೆಂದೇ ಬಿಟ್ಟರು.

ಅವರ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದು ಅನಿಸುತ್ತದೆ. ಅಲ್ಲಿಯವರೆಗೆ ಚಿಕಿತ್ಸೆಯ ಕೋಣೆಯಲ್ಲಿ ಏನು ನಡೆಯುತ್ತದೆ ಅಂತ ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಚಿಕಿತ್ಸಕ ನೆನಪಿನಿಂದ ಬರೆದದ್ದೇ ಸಾಕ್ಷಿ. ರೋಜರ್ಸ್ ಒಹಾಯೋದಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ ಚಿಕಿತ್ಸೆಯ ಮಾತುಕತೆಯನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಂಡರು. ಕೆಲವೇ ನಿಮಿಷಕ್ಕೊಮ್ಮೆ ತಟ್ಟೆ ಬದಲಿಸಬೇಕಿದ್ದ ಕಾಲ. 1942ರ ಪುಸ್ತಕದಲ್ಲಿ ಒಬ್ಬನ ಎಂಟೂ ಭೇಟಿಗಳ ಮಾತನ್ನು, ಹೆಸರು ಬದಲಿಸಿ, ಅಕ್ಷರಕ್ಕಕ್ಷರ ಅಚ್ಚು ಹಾಕಿಸಿದರು. ತಾವು ಎಡವಿದ ಕಡೆಗಳೂ ಅದರಲ್ಲಿ ಕಾಣುತ್ತವೆ. ‘ನೋಡಿ, ಅಳೆಯಿರಿ, ತಪ್ಪಿದ್ದರೆ ಹೇಳಿ’ ಅಂದ ಹಾಗೆ. ಮೃದು ಮನುಷ್ಯ ಅಂತ ರೋಜರ್ಸ್ ಅವರನ್ನು ತಳ್ಳಿಹಾಕುವವರು ಇದನ್ನು ಮರೆಯುತ್ತಾರೆ.

ಹಾಗಾದರೆ ಚಿಕಿತ್ಸಕ ಏನು ಮಾಡಬೇಕು? 1957ರ ಒಂದು ಲೇಖನದಲ್ಲಿ ರೋಜರ್ಸ್ ಆರು ಸಂಗತಿ ಹೇಳಿದರು. ಪುಸ್ತಕಗಳಲ್ಲಿ ಉಳಿದದ್ದು ಮೂರು. ಒಂದು, ಚಿಕಿತ್ಸಕ ಮುಖವಾಡ ಹಾಕಬಾರದು. ಎರಡು, ಬಂದವರನ್ನು ಷರತ್ತಿಲ್ಲದೆ ಗೌರವಿಸಬೇಕು. ಮೂರು, ಅವರ ಲೋಕವನ್ನು ಅವರ ಕಣ್ಣಿನಿಂದ ನೋಡಬೇಕು, ಹಾಗಂತ ಅದರಲ್ಲಿ ಮುಳುಗಿಹೋಗಬಾರದು. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಆರನೆಯದನ್ನು ಯಾರೂ ಹೇಳಲ್ಲ: ಈ ಗೌರವ, ಈ ಅರಿವು ಬಂದವರಿಗೆ ಸ್ವಲ್ಪವಾದರೂ ತಲುಪಬೇಕು. ನಿಮ್ಮೊಳಗೆ ಕೊಡಗಟ್ಟಲೆ ಪ್ರೀತಿ ಇದ್ದರೂ ಎದುರಿಗಿರುವವರಿಗೆ ಕಾಣದಿದ್ದರೆ ಚಿಕಿತ್ಸೆಯ ಮಟ್ಟಿಗೆ ಅದು ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಇದು ನಾನು ಕಟ್ಟಿದ್ದು, ಯಾರದೇ ಕಥೆ ಅಲ್ಲ. ಅರಕಲಗೂಡು ಕಡೆಯ ಹುಡುಗ. ಅಪ್ಪ ಹೊಗೆಸೊಪ್ಪು ಬೆಳೆದು ಬ್ಯಾರನ್‌ನಲ್ಲಿ, ಅಂದರೆ ಸೌದೆ ಉರಿಸುವ ಗೂಡಿನಲ್ಲಿ, ಹದ ಮಾಡುತ್ತಾರೆ. ಹುಡುಗ ಇಂಜಿನಿಯರಿಂಗ್‌ನಲ್ಲಿ ನಾಲ್ಕು ಸಬ್ಜೆಕ್ಟ್ ಉಳಿಸಿಕೊಂಡು ಊರಿಗೆ ಬಂದಿದ್ದಾನೆ.

“ಅಪ್ಪನ ಮುಖ ನೋಡೋಕಾಗ್ತಿಲ್ಲ ಸಾರ್. ಬ್ಯಾರನ್ ಮುಂದೆ ರಾತ್ರಿಯೆಲ್ಲ ಸೌದೆ ಹಾಕ್ಕೊಂಡು ಕೂತಿರ್ತಾರೆ. ನಾನು ಒಳಗೆ ಮಲಗಿರ್ತೀನಿ. ನಿದ್ದೆ ಬರಲ್ಲ.”

ನಾವು ಏನು ಹೇಳುತ್ತೇವೆ? ‘ನೋಡು, ನಿಮ್ಮಪ್ಪ ಎಷ್ಟು ಕಷ್ಟ ಪಡ್ತಾರೆ, ಇನ್ನಾದ್ರೂ ಓದು.’ ಇದು ಗೊತ್ತಿದ್ದೇ ಅವನಿಗೆ ನಿದ್ದೆ ಬರುತ್ತಿಲ್ಲ. ಇನ್ನೊಬ್ಬರು ‘ಅದೆಲ್ಲ ತಲೆಗೆ ಹಚ್ಕೋಬೇಡ, ಎಲ್ಲ ಸರಿಹೋಗುತ್ತೆ’ ಅನ್ನುತ್ತಾರೆ. ಹಾಗಂದರೆ ಈ ಮಾತು ಇಲ್ಲಿಗೆ ಸಾಕು ಅಂತ. ಮೂರನೆಯವರು ತಮ್ಮ ಭಾವಮೈದನ ಮಗ ಬ್ಯಾಕ್‌ಲಾಗ್ ಮುಗಿಸಿ ಬೆಂಗಳೂರಲ್ಲಿ ಲಕ್ಷ ಸಂಬಳ ತಗೊಳ್ಳುವ ಕಥೆ ತೆಗೆಯುತ್ತಾರೆ. ಆ ಭಾವಮೈದನ ಮಗ ಪ್ರತಿ ಊರಲ್ಲೂ ಒಬ್ಬ ಇರುತ್ತಾನೆ.

ರೋಜರ್ಸ್ ದಾರಿಯಲ್ಲಿ ಕಲಿತವರು ಹೀಗೆ ಅನ್ನಬಹುದು:

“ಅವರು ಹೊರಗೆ ಎದ್ದಿದಾರೆ, ನೀನು ಒಳಗೆ ಎದ್ದಿದೀಯ.”

“ಹೂಂ ಸಾರ್. ಎದ್ದು ಹೋಗೋಣ, ನಾನೂ ಸೌದೆ ಹಾಕೋಣ ಅನ್ಸುತ್ತೆ. ಹೋದ್ರೆ ‘ನಿನಗ್ಯಾಕೆ ಇದು, ಓದ್ಕೋ ಹೋಗು’ ಅಂತಾರೆ.”

“ಹತ್ತಿರ ಹೋಗ್ಬೇಕು ಅಂತ ಆಸೆ. ಹೋದ್ರೆ ವಾಪಸ್ ಕಳಿಸ್ತಾರೆ ಅಂತ ಬೇಜಾರು.”

“ಬೇಜಾರಲ್ಲ ಸಾರ್.” ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. “ಸಿಟ್ಟು. ಇಂಜಿನಿಯರಿಂಗ್ ನಾನು ಕೇಳಿರ್ಲಿಲ್ಲ. ಅಷ್ಟು ಕಷ್ಟಪಡೋರ ಮೇಲೆ ಸಿಟ್ಟು ಮಾಡ್ಕೊಳೋಕಾಗುತ್ತಾ?”

ಇಲ್ಲಿ ಏನಾಯಿತು ನೋಡಿ. ಕೇಳುತ್ತಿದ್ದವರು ‘ಬೇಜಾರು’ ಅಂದದ್ದು ತಪ್ಪು. ಆದರೆ ಅವರು ಗಮನವಿಟ್ಟು ಕೇಳುತ್ತಿದ್ದರಿಂದ ಹುಡುಗನಿಗೆ ಅದನ್ನು ತಿದ್ದುವ ಧೈರ್ಯ ಬಂತು. ತಿದ್ದುವಾಗ ಅವನಿಗೇ ಅಷ್ಟು ಹೊತ್ತು ಕಾಣದೇ ಇದ್ದ ಮಾತು ಹೊರಗೆ ಬಿತ್ತು. ಒಳ್ಳೆಯ ಮಗ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅನ್ನುವ ಷರತ್ತಿನ ಅಡಿಯಲ್ಲಿ ಅದು ಕೂತಿತ್ತು. ಈಗ ಆ ಸಿಟ್ಟು ಸರಿಯೋ ತಪ್ಪೋ ಅಂತ ತೀರ್ಪು ಕೊಡುವ ಕೆಲಸ ಕೇಳುಗನದಲ್ಲ. ಮುಂದೆ ಹುಡುಗ ಓದು ಮುಗಿಸಬಹುದು, ಬಿಡಬಹುದು, ಅಪ್ಪನ ಹತ್ತಿರ ಮಾತಾಡಬಹುದು. ಅದು ಅವನ ಲೆಕ್ಕ.

ಆ ಅಪ್ಪನನ್ನೂ ನೋಡಿ. ಬ್ಯಾರನ್ ಮುಂದೆ ನಿದ್ದೆಗೆಟ್ಟು ಕೂತಿರುವುದು ಪ್ರೀತಿಯೇ. ಮಗನಿಗೆ ಅದು ಸಾಲದ ಹಾಗೆ ತಲುಪುತ್ತಿದೆ. ಆರನೆಯ ಸಂಗತಿ ಅಂದೆನಲ್ಲ, ಅದು ಇದೇ.

ಷರತ್ತಿಲ್ಲದ ಗೌರವ ಅಂದಕೂಡಲೇ ಜನ ಏನು ಮಾಡಿದರೂ ಸರಿ ಅನ್ನೋದು ಅಂತ ತಿಳಿಯುತ್ತಾರೆ. ಹಾಗಲ್ಲ. ಕುಡಿದು ಹೆಂಡತಿಗೆ ಹೊಡೆಯುವವನ ಹೊಡೆತವನ್ನು ಯಾರೂ ಒಪ್ಪಬೇಕಿಲ್ಲ. ಹೊಡೆಯುವುದು ನಿಲ್ಲಲೇಬೇಕು, ಬೇಕಾದರೆ ಪೊಲೀಸರೂ ಬರಬೇಕು. ಚಿಕಿತ್ಸೆಗೆ ಅಂತ ಬಂದಾಗ ಮಾತ್ರ ಅವನೊಳಗೆ ಏನಾಗುತ್ತಿದೆ ಅಂತ ಅಸಹ್ಯಪಡದೆ ಕೇಳಲು ಒಬ್ಬರು ಬೇಕು. ಇನ್ನು ಕೆಲವರು ಈ ಪದ್ಧತಿ ಅಂದರೆ ‘ಹೂಂ ಹೂಂ’ ಅಂತ ತಲೆಯಾಡಿಸುವುದು ಅಂದುಕೊಂಡಿದ್ದಾರೆ. ಒಂದು ಗಂಟೆ ಹೀಗೆ ಕೇಳಿ ನೋಡಿ, ಮೈ ಹಣ್ಣಾಗುತ್ತದೆ.

ರೋಜರ್ಸ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡಲೂಬಹುದು. 1964ರಲ್ಲಿ ಗ್ಲೋರಿಯಾ ಅನ್ನುವ ಮಹಿಳೆಯ ಜೊತೆ ಅವರು ಅರ್ಧ ಗಂಟೆ ಮಾತಾಡಿದ್ದನ್ನು ಚಿತ್ರೀಕರಿಸಿದ್ದಾರೆ. ಆಕೆಗೆ ವಿಚ್ಛೇದನ ಆಗಿದೆ. ಬೇರೆ ಗಂಡಸಿನ ಸಂಗ ಮಾಡಿದ್ದೀಯಾ ಅಂತ ಚಿಕ್ಕ ಮಗಳು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದ್ದಾರೆ. ಈಗ ಅದು ಕೊರೆಯುತ್ತಿದೆ. ನಿಜ ಹೇಳಲಾ, ಬೇಡವಾ, ನೀವೇ ಉತ್ತರ ಕೊಡಿ ಅಂತ ಅವರ ಬೆನ್ನು ಹತ್ತುತ್ತಾರೆ. ರೋಜರ್ಸ್ ಕೊಡಲ್ಲ. ತಪ್ಪಿಸಿಕೊಂಡು ಹೋಗುವುದೂ ಇಲ್ಲ. ಏನು ಹೇಳಬೇಕು ಅಂತ ನಿಮಗೆ ಹೇಳಿಬಿಡಲು ನನಗೂ ಆಸೆಯೇ, ಆದರೆ ಅದು ನೀವೇ ಕಂಡುಕೊಳ್ಳಬೇಕಾದ ಉತ್ತರ ಅನ್ನುವ ಅರ್ಥದ ಮಾತಾಡುತ್ತಾರೆ. ನನ್ನ ಜೊತೆ ಅದನ್ನು ನೋಡಿದ ಕೆಲವರಿಗೆ ಸಿಟ್ಟು ಬಂದಿತ್ತು: ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು? ನನಗನಿಸುವುದು, ಗ್ಲೋರಿಯಾಗೆ ಉತ್ತರ ಆಗಲೇ ಗೊತ್ತಿತ್ತು. ಅದಕ್ಕೆ ಬೇರೆಯವರ ಸಹಿ ಬೇಕಿತ್ತು.

ಹಾಸನಾಂಬೆಯ ವಿಷಯ ಇಲ್ಲಿ ಹೇಳಲೇಬೇಕು. ವರ್ಷಕ್ಕೊಮ್ಮೆ ಬಾಗಿಲು ತೆಗೆದು ಮುಚ್ಚಿದ ಮೇಲೆ ಹುಂಡಿ ಎಣಿಸುವಾಗ ದುಡ್ಡಿನ ಜೊತೆ ಚೀಟಿಗಳು ಸಿಗುತ್ತವೆ. ಪಾಸು ಮಾಡಿಸು, ಮದುವೆ ಮಾಡಿಸು, ಸಾಲ ತೀರಿಸು, ಗಂಡನಿಗೆ ಬುದ್ಧಿ ಕೊಡು. ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನು ಜನ ಅಲ್ಲಿ ಬರೆದು ಹಾಕುತ್ತಾರೆ. ಆ ತಾಯಿ ಮಧ್ಯೆ ಬಾಯಿ ಹಾಕಲ್ಲ, ಭಾವಮೈದನ ಮಗನ ಕಥೆ ಹೇಳಲ್ಲ, ಪಕ್ಕದ ಮನೆಗೆ ದಾಟಿಸಲ್ಲ. ನಾವೇನು ಮಾಡುತ್ತೇವೆ? ಆ ಚೀಟಿಗಳನ್ನು ಪತ್ರಿಕೆಯಲ್ಲಿ, ಟಿವಿಯಲ್ಲಿ ಹಾಕಿ ನಗುತ್ತೇವೆ. ಪ್ರತಿ ವರ್ಷ ನನಗೆ ಇದು ಚುಚ್ಚುತ್ತದೆ. ಗುಟ್ಟು ಕಾಪಾಡುವುದು ಚಿಕಿತ್ಸೆಯ ಮೊದಲ ಮೆಟ್ಟಿಲು. ಅದೇ ಇಲ್ಲದಿದ್ದರೆ ನಾಳೆ ಯಾರು ಬಾಯಿ ಬಿಡುತ್ತಾರೆ?

ಇದೆಲ್ಲ ಕೆಲಸ ಮಾಡುತ್ತದಾ? ಶಿಕಾಗೋದಲ್ಲಿ ರೋಜರ್ಸ್ ತಂಡ ಒಂದು ಅಳತೆ ಮಾಡಿತು. ‘ನಾನು ಬೇಗ ಸೋಲುತ್ತೇನೆ’, ‘ಜನ ನನ್ನನ್ನು ಇಷ್ಟಪಡುತ್ತಾರೆ’ ಈ ಥರದ ವಾಕ್ಯಗಳಿರುವ ನೂರು ಕಾರ್ಡು. ಮೊದಲು ‘ನಾನು ಹೇಗಿದ್ದೇನೆ’ ಅಂತ ಜೋಡಿಸಬೇಕು, ಆಮೇಲೆ ಅದೇ ಕಾರ್ಡುಗಳನ್ನು ‘ಹೇಗಿರಬೇಕಿತ್ತು’ ಅಂತ ಜೋಡಿಸಬೇಕು. 1954ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಚಿಕಿತ್ಸೆಗೆ ಮೊದಲು ಈ ಎರಡು ಜೋಡಣೆಗಳಿಗೆ ಸಂಬಂಧವೇ ಇರಲಿಲ್ಲ, ಸರಾಸರಿ ಹೆಚ್ಚುಕಡಿಮೆ ಸೊನ್ನೆ. ಎರಡೂ ಪೂರ್ತಿ ಹೊಂದಿದರೆ ಒಂದು ಅಂತ ಲೆಕ್ಕ. ಚಿಕಿತ್ಸೆ ಮುಗಿದಾಗ 0.34ಕ್ಕೆ ಬಂತು. ಬಿರುಕು ಮುಚ್ಚಲಿಲ್ಲ, ಕಿರಿದಾಯಿತು. ಆದರೆ ವಿಸ್ಕಾನ್ಸಿನ್‌ನಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವವರ ಜೊತೆ ಇದೇ ಪದ್ಧತಿ ಪ್ರಯೋಗಿಸಿದಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ. ತಂಡದೊಳಗೆ ಜಗಳ ಬೇರೆ. ತೀರಾ ಈಚೆಗೆ, ಖಿನ್ನತೆ ಇರುವವರ ಮೇಲೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆರು ತಿಂಗಳ ಹೊತ್ತಿಗೆ ಈ ಪದ್ಧತಿ ಸಿಬಿಟಿಗೆ, ಅಂದರೆ ಯೋಚನೆಯ ಧಾಟಿ ತಿದ್ದುವ ಚಿಕಿತ್ಸೆಗೆ, ಕಡಿಮೆ ಇರಲಿಲ್ಲ. ವರ್ಷದ ಹೊತ್ತಿಗೆ ಸಿಬಿಟಿ ಸ್ವಲ್ಪ ಮುಂದಿದ್ದ ಹಾಗೆ ಕಂಡಿತು. ಹಾಗಾಗಿ ಇದು ಎಲ್ಲಕ್ಕೂ ಮದ್ದು ಅಂತ ನಾನು ಮಾರಲು ಬಂದಿಲ್ಲ.

ಟೀಕೆಗಳೂ ಇವೆ. ರೋಜರ್ಸ್‌ಗೆ ಮನುಷ್ಯನ ಕೆಡುಕು ಕಾಣಲೇ ಇಲ್ಲ ಅಂತ ಅವರ ಗೆಳೆಯ ರೋಲೋ ಮೇ 1982ರಲ್ಲಿ ಬಹಿರಂಗ ಪತ್ರವನ್ನೇ ಬರೆದರು. ನಮ್ಮಲ್ಲಿ ಇನ್ನೊಂದು ತಕರಾರು ಬರುತ್ತದೆ: ಇದು ಒಂಟಿ ಮನುಷ್ಯನ ಸಿದ್ಧಾಂತ, ನಾವು ಮನೆ, ಊರು, ನೆಂಟರು ಅಂತ ಬದುಕುವವರು. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಬೇಲೂರು ಕಡೆಯ ಹಳ್ಳಿಯ ಸೊಸೆಗೆ ‘ನೀನು ನೀನಾಗು’ ಅಂದರೆ, ಆಕೆ ಎಲ್ಲಿಗೆ ಹೋಗಬೇಕು? ಕೈಯಲ್ಲಿ ಕಾಸಿಲ್ಲ, ಹೆಸರಲ್ಲಿ ಜಮೀನಿಲ್ಲ. ಅಂಗಮಾರಿ ಬಂದು ಆಲೂಗಡ್ಡೆ ಕೊಳೆತುಹೋದ ರೈತನ ಸಾಲ ಕ್ಲಯಂಟ್ ಕೇಂದ್ರಿತ ಚಿಕಿತ್ಸೆಯಿಂದ ತೀರಲ್ಲ. ಅವನಿಗೆ ಬೇಕಾದದ್ದು ಪರಿಹಾರ, ಒಳ್ಳೆ ಬೀಜ, ಬೆಲೆ. ಇನ್ನರ್ಧ ಯಾಕೆ ಒಪ್ಪಲ್ಲ ಅಂದರೆ, ‘ನಮ್ಮದು ಕೂಡು ಬಾಳು’ ಅಂತ ಗಟ್ಟಿಯಾಗಿ ಹೇಳುವವರು ಸಾಮಾನ್ಯವಾಗಿ ಮನೆಯಲ್ಲಿ ಮಾತಾಡುವ ಹಕ್ಕಿರುವವರು. ಆ ಸೊಸೆಯನ್ನು ಯಾರೂ ಕೇಳಿರಲ್ಲ.

ಇಲ್ಲಿಗೆ ನನ್ನ ಮಾತು ಸಾಕು. ಪ್ರಶ್ನೆಗಳಿಗೆ ಬರೋಣ.

ಒಬ್ಬ ಮೇಷ್ಟ್ರು: ಕ್ಲಾಸಲ್ಲಿ ಅರವತ್ತು ಮಕ್ಕಳು. ಒಬ್ಬೊಬ್ಬರನ್ನೂ ಹೀಗೆ ಕೇಳ್ತಾ ಕೂತ್ರೆ ಸಿಲಬಸ್ ಮುಗಿಯುತ್ತಾ?

ಮುಗಿಯಲ್ಲ ಸರ್. ನೀವು ಚಿಕಿತ್ಸಕರಾಗಬೇಕಿಲ್ಲ. ಟೆಸ್ಟ್ ಪೇಪರ್ ಕೊಡುವಾಗ ಅಂಕ ಜೋರಾಗಿ ಓದಿ ಹೇಳುವ ಪದ್ಧತಿ ಇದೆಯಲ್ಲ, ಅದನ್ನು ನಿಲ್ಲಿಸಿ ನೋಡಿ. ಅದಕ್ಕೆ ಟೈಮೇ ಬೇಡ. ಇನ್ನೊಂದು, ಮನೆಕೆಲಸ ಮಾಡದೆ ಬಂದವನನ್ನು ‘ಯಾಕೆ ಮಾಡಿಲ್ಲ’ ಅಂತ ಎಲ್ಲರೆದುರು ನಿಲ್ಲಿಸುವ ಬದಲು ಬೆಲ್ ಹೊಡೆದ ಮೇಲೆ ವರಾಂಡದಲ್ಲಿ ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಒಬ್ಬ ತಾಯಿ: ಬೈಯದೇ ಮಕ್ಕಳನ್ನ ಬೆಳೆಸೋಕಾಗುತ್ತಾ ಸಾರ್? ತಲೆ ಮೇಲೆ ಕೂರ್ತಾರೆ.

ಬೈಯಿರಿ ಅಮ್ಮ, ಯಾರು ಬೇಡ ಅಂದರು? ಸಿಟ್ಟು ಬಂದಾಗ ನಗುಮುಖ ಹಾಕಿಕೊಂಡರೆ ಅದು ಮುಖವಾಡ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತೆ. ‘ನೀನು ಮೊಬೈಲ್ ಹಿಡ್ಕೊಂಡು ಕೂತಿದ್ದು ನೋಡಿ ನನಗೆ ಸಿಟ್ಟು ಬಂತು’ ಅನ್ನಿ. ‘ನೀನು ಯಾವ ಪ್ರಯೋಜನಕ್ಕೂ ಬರದವನು’ ಅನ್ನಬೇಡಿ. ಮೊದಲನೆಯದರಲ್ಲಿ ಮೊಬೈಲ್ ಕೆಳಗಿಟ್ಟರೆ ಕಥೆ ಮುಗಿಯಿತು. ಎರಡನೆಯದರಲ್ಲಿ ಅವನು ಏನು ಕೆಳಗಿಡಬೇಕು?

ಒಬ್ಬ ವಿದ್ಯಾರ್ಥಿನಿ: ನಮ್ ಪಿಜಿಯಲ್ಲಿ ಒಬ್ಳು ಫ್ರೆಂಡ್ ‘ಸಾಯ್ಬೇಕು ಅನ್ಸುತ್ತೆ’ ಅಂತ ಹೇಳ್ತಿರ್ತಾಳೆ. ನಾನು ಸುಮ್ನೆ ಕೇಳಿಸ್ಕೊಂಡ್ರೆ ಸಾಕಾ?

ಸಾಕಾಗಲ್ಲಮ್ಮ. ಇಲ್ಲಿ ರೋಜರ್ಸ್ ಒಬ್ಬರನ್ನೇ ನಂಬಿ ಕೂರಬೇಡ. ನೀನು ಕೇಳಿಸಿಕೊಂಡಿದ್ದರಿಂದಲೇ ಅವಳು ನಿನಗೆ ಹೇಳಿದ್ದಾಳೆ, ಅದು ದೊಡ್ಡದು. ಈಗ ನೇರವಾಗಿ ಕೇಳು: ‘ಪ್ರಾಣ ಕಳ್ಕೊಳೋ ಯೋಚನೆ ಬರ್ತಿದ್ಯಾ? ಹೇಗೆ ಅಂತ ಏನಾದ್ರೂ ಯೋಚಿಸಿದೀಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಯಾರಿಗೂ ಹೇಳಬೇಡ ಅಂತ ಅವಳು ಆಣೆ ಹಾಕಿಸಿಕೊಳ್ಳಬಹುದು, ಆ ಮಾತು ಮಾತ್ರ ಕೊಡಬೇಡ. ‘ನೀನು ನನಗೆ ಬೇಕು, ಅದಕ್ಕೇ ಹೇಳ್ತೀನಿ’ ಅಂತ ಅವಳಿಗೇ ತಿಳಿಸಿ, ಅವಳು ನಂಬುವ ದೊಡ್ಡವರೊಬ್ಬರಿಗೆ ಇವತ್ತೇ ಹೇಳು. ಒಬ್ಬಳನ್ನೇ ಬಿಡಬೇಡ. ಇಲ್ಲೇ ನಮ್ಮ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಜೊತೆಗೆ ನೀನೂ ಹೋಗು. ಕೈಮೀರುತ್ತಿದೆ ಅನಿಸಿದರೆ ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೇ ಕರೆದುಕೊಂಡು ಹೋಗು. ಮಾತಾಡಲು ಟೆಲಿ ಮನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, ಹಗಲು ರಾತ್ರಿ ಎನ್ನದೆ ತೆಗೆಯುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ಮಾಡದಿದ್ದರೆ ನೀನೇ ಮಾಡಿ ಏನು ಮಾಡಲಿ ಅಂತ ಕೇಳಬಹುದು. ನಂಬರ್ ಎಲ್ಲರೂ ಬರೆದುಕೊಳ್ಳಿ: 14416.